ಬೆಸುಗೆ, ಬಣ್ಣ, ಉಪ್ಪುಗಾಳಿ

ಹೊನ್ನಾವರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡವನು ನಗೆ ಹುಡುಕಿಕೊಂಡು ಬೇರೆ ಕಡೆ ಹೋಗಬೇಕಾಗಿಲ್ಲ. ನಮ್ಮ ಉಪ್ಪುಗಾಳಿ ಮೊದಲು ಬಾಯಿ ಹಾಕುವುದೇ ಬೆಸುಗೆಯ ಜಾಗಕ್ಕೆ. ಬೆಸುಗೆ ಆರಿದ ಮೇಲೆ ಅಲ್ಲಿ ಹಕ್ಕಳೆಯಂತೆ ಕೂರುವ ಕಿಟ್ಟ ಕೆರೆದು, ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಬಣ್ಣ ಬಳಿಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಕತೆ ಶುರುವಾಗುವುದು ಆಮೇಲೆ.

ಶಿರಾಲಿಯ ಗೇಟು

ಶಿರಾಲಿಯ ಮೇಷ್ಟ್ರೊಬ್ಬರಿಗೆ ಮರುದಿನವೇ ಗೃಹಪ್ರವೇಶ. ನಾನು ಗೇಟಿನ ಕಿಟ್ಟ ಕೆರೆಯಲು ಕೂತರೆ, "ಅದೆಲ್ಲ ಎಂತಕ್ಕೆ ಮಾರಾಯ? ಮೇಲೆ ಬಣ್ಣ ಬಂದ್ರೆ ಆತು" ಎಂದು ಗೇಟು ಹೊರಿಸಿಕೊಂಡು ಹೋಗಿ ಹಸಿರು ಬಳಿಸಿದರು. ಮಳೆಗಾಲ ಮುಗಿದ ಮೇಲೆ ಫೋನು ಬಂತು. ಹೋಗಿ ನೋಡಿದರೆ ಸಂದುಸಂದಿನಿಂದ ಕೆಂಪು ನೀರು ಇಳಿದಿದೆ. ಒಂದು ಸರಳು ಮುಟ್ಟಿದೆ, ಕೈಗೇ ಬಂತು. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: "ಬಣ್ಣದ್ದು ಎಂತದೂ ತಪ್ಪಿಲ್ಲ ನೋಡು, ಇನ್ನೂ ಹೊಳೀತದೆ."

ಭಟ್ಕಳದ ರೇಲಿಂಗು

ಗಲ್ಫಿನಿಂದ ರಜೆಗೆ ಬಂದ ಸಾಹೇಬರೊಬ್ಬರು ಮಾಳಿಗೆಗೆ ಸ್ಟೇನ್‌ಲೆಸ್ ಸ್ಟೀಲಿನ ರೇಲಿಂಗ್ ಮಾಡಿಸಿದರು. ಬೆಸುಗೆಯ ಕಾವಿಗೆ ಸ್ಟೀಲು ನೀಲಿಗಟ್ಟಿದ ಕಡೆ ಆಸಿಡ್ ಪೇಸ್ಟ್ ಹಚ್ಚಿ ತೊಳೆಯಬೇಕು. ಇಲ್ಲದಿದ್ದರೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ನಾನು ಡಬ್ಬಿ ತೆರೆದದ್ದೇ ತಡ, ಅವರ ತಾಯಿ ಅಡ್ಡ ಬಂದರು. "ಹೊಸ ಸ್ಟೀಲಿಗೆ ಆಸಿಡ್ಡಾ? ಆ ನೀಲಿ ಎಷ್ಟು ಚಂದ ಕಾಣ್ತದೆ, ಇರಲಿ ಬಿಡು ಮಗಾ."

ಮುಂದಿನ ರಜೆಗೆ ಮಗ ಬಂದಾಗ ನೀಲಿ ಇದ್ದಲ್ಲೆಲ್ಲ ಕಂದು ಚುಕ್ಕೆ. ನನ್ನನ್ನು ಕರೆಸಿ, "ಇದೆಂತ ಸ್ಟೀಲು ಭಾಯ್?" ಎಂದು ಗದರಿದರು. ಒಳಗಿಂದ ತಾಯಿ ಕೂಗಿದರು: "ಪಾಪ, ಅವನಿಗೆ ಬೈಬೇಡ. ಮೊದಲಿನ ನೀಲಿಯನ್ನೇ ಮತ್ತೆ ಹಾಕಿ ಕೊಡಲಿಕ್ಕೆ ಹೇಳು."

ಕುಮಟಾದ ಕುರ್ಚಿ

ಕುಮಟಾದ ಒಂದು ಸಭಾಭವನಕ್ಕೆ ಹಿಂದೆ ಕಬ್ಬಿಣದ ಕುರ್ಚಿ ಮಾಡಿಕೊಟ್ಟಿದ್ದೆ. ಅವರು ತುಕ್ಕು ಕೆರೆಯದೆ ಅದರ ಮೇಲೆಯೇ ವರ್ಷವರ್ಷ ಬಣ್ಣ ಬಳಿಯುತ್ತಿದ್ದರು. ಬಣ್ಣದಂಗಡಿಯವರೊಬ್ಬರು ಅಲ್ಲಿ ನಮ್ಮಂಥ ವೆಲ್ಡರುಗಳಿಗಾಗಿ ತುಕ್ಕಿನ ಬಗ್ಗೆ ಉಪನ್ಯಾಸ ಇಡಿಸಿದರು. ಹುಬ್ಬಳ್ಳಿಯಿಂದ ಬಂದಿದ್ದ ದಢೂತಿ ಪರಿಣತರು, "ತುಕ್ಕು ಹೊರಗೆ ಕಾಣುವುದಿಲ್ಲ. ಬಣ್ಣದ ಒಳಗೆ ಕೂತು ಬೆಸುಗೆಯನ್ನು ತಿನ್ನುತ್ತದೆ" ಎಂದು ಮಾತು ಮುಗಿಸಿ ಕುರ್ಚಿಯಲ್ಲಿ ಕೂತರು.

ಟಕ್! ಕುರ್ಚಿಯ ಕಾಲು ಒಂದು ಕಡೆ, ಪರಿಣತರು ನೆಲದ ಮೇಲೆ.

ಕುರ್ಚಿ ಯಾರ ಶಾಪಿನದೆಂದು ಸಭೆಗೆಲ್ಲ ಗೊತ್ತು. ಆದರೆ ಪರಿಣತರು ಜಾಣರು. ಧೂಳು ಕೊಡವಿ ಎದ್ದು, ಕಳಚಿದ ಕಾಲನ್ನು ಎತ್ತಿ ಹಿಡಿದು, "ಈಗ ಅರ್ಥ ಆಯ್ತಾ?" ಎಂದರು. ಚಪ್ಪಾಳೆಯೋ ಚಪ್ಪಾಳೆ.

ನಾನು ಮೆಲ್ಲಗೆ ಹಿಂಬಾಗಿಲಿಗೆ ಜಾರುವಾಗ ಬಣ್ಣದಂಗಡಿಯವರು ಬಂದು ಭುಜ ಹಿಡಿದರು. ಆತು, ಇವತ್ತಿಗೆ ನನ್ನ ಮರ್ಯಾದೆ ಮುಗೀತು ಅಂದುಕೊಂಡೆ. ಅವರು ಕಿವಿಯಲ್ಲಿ ಕೇಳಿದರು: "ಬರುವ ವಾರ ಭಟ್ಕಳದಲ್ಲೂ ಇದೇ ಭಾಷಣ ಅದೆ. ಅಂಥದ್ದೇ ಇನ್ನೊಂದು ಕುರ್ಚಿ ಇದ್ರೆ ಕೊಡು ಮಾರಾಯ."