ಮಾವನ ಕತ್ತರಿ, ಅಳಿಯನ ಕೋಟು

"ನನ್ನ ಮಗಳ ಮದುವೆಯಲ್ಲಿ ಒಂದು ಗೇಣು ಪ್ಲಾಸ್ಟಿಕ್ ಕಂಡರೂ ನನ್ನ ಹೆಸರು ಬದಲಾಯಿಸಿ!" ಎಂದು ಟೇಪು ಮಾಸ್ತರು ಅಂಗಡಿ ಬಾಗಿಲಲ್ಲಿ ನಿಂತು ಘೋಷಿಸಿದರು. ಅಳತೆಯ ಟೇಪನ್ನು ಊಟಕ್ಕೆ ಕೂತಾಗಲೂ ಕೊರಳಿಂದ ಇಳಿಸದ ಈ ದರ್ಜಿಗೆ ಗಿರಾಕಿಗಳು ಇಟ್ಟ ಹೆಸರದು. ಅದನ್ನು ಬದಲಾಯಿಸುವ ಉಸಾಬರಿ ಯಾರಿಗೂ ಬೇಡವಾಗಿತ್ತು. ಎಲ್ಲರೂ ತಲೆಯಾಡಿಸಿದರು.

ಮಗಳ ಆಸೆ ಸರಳವಾದದ್ದು. ಹಾಲ್ ಬೇಡ, ಗತ್ತು ಬೇಡ, ಕೆರೆ ಪಕ್ಕದ ಬಯಲಲ್ಲಿ ಹಬ್ಬದ ಹಾಗೆ ಮದುವೆ. ನೆಂಟರು ಹುಲ್ಲಿನ ಪಿಂಡಿಗಳ ಮೇಲೆ ಕೂರಬೇಕು, ಗೆಳೆಯರು ಮರದ ಕೆಳಗೆ ಹಾಡಬೇಕು, ಮಣ್ಣಿನ ಲೋಟದಲ್ಲಿ ಶರಬತ್ತು ಕುಡಿಯಬೇಕು. ಮರದಿಂದ ಮರಕ್ಕೆ ಹಳೆ ಬಟ್ಟೆಯ ತ್ರಿಕೋನ ಬಾವುಟಗಳ ಸರ ಇರಬೇಕು.

"ನೂರು ಬಾವುಟ ಸಾಕಪ್ಪ."

"ನೂರಾ? ಸಾವಿರ! ಒಂದೊಂದನ್ನೂ ನಾನೇ ಕತ್ತರಿಸ್ತೀನಿ!"

"ಮೊದಲು ಅಳಿಯಂದಿರ ಕೋಟು ಕತ್ತರಿಸಿ" ಎಂದರು ಹೆಂಡತಿ ಒಳಗಿನಿಂದ.

"ಕೋಟು ನಂಗೆ ನಾಲ್ಕು ಗಂಟೆ ಕೆಲಸ ಕಣೇ. ಕಣ್ಣು ಮುಚ್ಚಿಕೊಂಡು ಕತ್ತರಿಸ್ತೀನಿ."

ಮೇಲೆ ಓಡಾಡುತ್ತಿದ್ದ ಅಸ್ತು ದೇವತೆಗಳು ತಕ್ಷಣ "ಅಸ್ತು" ಅಂದುಬಿಟ್ಟವು.

ಆ ಕೋಟಿನ ಬಟ್ಟೆಯಾದರೂ ಎಂಥದ್ದು! ಕಡುನೀಲಿ ಉಣ್ಣೆ. ಬೀಗಿತ್ತಿಯ ಗಂಡ ತಮಗೊಂದು ಕೋಟು ಹೊಲಿಸಬೇಕೆಂದು ತಂದು, ಹೊಲಿಸುವ ಮೊದಲೇ ತೀರಿಕೊಂಡಿದ್ದರು. ಹನ್ನೊಂದು ವರ್ಷ ಪೆಟ್ಟಿಗೆಯಲ್ಲಿ ಕಾಪಾಡಿದ ಬಟ್ಟೆಯನ್ನು ಆಕೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರು. "ಮಗನ ಮೈಮೇಲಾದರೂ ನೋಡ್ತೀನಿ. ಜೋಪಾನ, ಬೀಗರೇ."

"ನನ್ನ ಪ್ರಾಣ ಬೇರೆ ಅಲ್ಲ, ಈ ಬಟ್ಟೆ ಬೇರೆ ಅಲ್ಲ!" ಎಂದಿದ್ದರು ಮಾಸ್ತರು. ಮೂವತ್ತೆರಡು ವರ್ಷದ ಕಸುಬಿನಲ್ಲಿ ಒಬ್ಬರ ಬಟ್ಟೆಯನ್ನೂ ಕೆಡಿಸಿದವರಲ್ಲ. ಈಗ ಮಗಳು ಕಾಲಿಡುವ ಮನೆಯ ಬಟ್ಟೆ ಬೇರೆ.

ಮಾರನೆಯ ದಿನವೇ ಪ್ಲಾಸ್ಟಿಕ್ ವಿರುದ್ಧದ ಮಹಾಯುದ್ಧ ಅಂಗಡಿಯಿಂದಲೇ ಶುರುವಾಯಿತು. ಗಿರಾಕಿಗಳ ಬಟ್ಟೆ ಇಡುತ್ತಿದ್ದ ಕವರುಗಳೆಲ್ಲ ಚೀಟಿಸಮೇತ ಹೊರಬಿದ್ದವು. ಎಲ್ಲ ಬಟ್ಟೆಯೂ ಹಳೆ ಚಾದರದ ತುಂಡುಗಳಲ್ಲಿ ಗಂಟಾಗಿ ಕಪಾಟು ಸೇರಿತು. ಚಿಂದಿಯದೂ ಗಂಟು, ಉಣ್ಣೆಯದೂ ಗಂಟು!

"ಯಾವ ಗಂಟಲ್ಲಿ ಏನಿದೆ ಅಂತ ಹೇಗ್ರೀ ಗೊತ್ತಾಗುತ್ತೆ?" ಎಂದರು ಹೆಂಡತಿ.

"ಮುಟ್ಟಿದ್ರೆ ಸಾಕು, ನನ್ನ ಬೆರಳೇ ಹೇಳುತ್ತೆ."

ಮದುವೆಗೆ ಮೂರು ದಿನ ಇದ್ದಾಗ ಎದುರಂಗಡಿಯ ಕ್ಷೌರಿಕ ಬಂದ. ಮಾಸ್ತರ ಹಳೆಯ ಗೆಳೆಯ, ಹಳೆಯ ಶನಿ. "ಕಣ್ಣು ಮುಚ್ಚಿ ಕತ್ತರಿಸ್ತೀನಿ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀಯಲ್ಲ, ಎಲ್ಲಿ, ತೋರಿಸು ನೋಡೋಣ!" ಎಂದ.

ಮಾಸ್ತರ ಮೀಸೆ ಕುಣಿಯಿತು. ಕರವಸ್ತ್ರದಿಂದ ಕಣ್ಣು ಕಟ್ಟಿಕೊಂಡರು. "ಯಾವ ಚಿಂದಿ ಗಂಟಾದರೂ ತಾ!" ಎಂದರು. ಕ್ಷೌರಿಕ ಕೈಗೆ ಸಿಕ್ಕಿದ ಗಂಟು ಬಿಚ್ಚಿ, ಎಂಟು ಮಡಿಕೆ ಮಾಡಿ, ಮೇಜಿನ ಮೇಲೆ ಹಾಸಿದ. ಕಚ್, ಕಚ್, ಕಚ್! ಅರವತ್ತನಾಲ್ಕು ಬಾವುಟಗಳು ಬಿದ್ದವು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಮಾರಾಯಾ!" ಎಂದ ಕ್ಷೌರಿಕ.

ಮಾಸ್ತರು ಆ ಹೊಗಳಿಕೆಯನ್ನು ಕಣ್ಣು ಕಟ್ಟಿಕೊಂಡೇ ಸವಿದರು. ಅಷ್ಟರಲ್ಲಿ ಕ್ಷೌರಿಕ ಎಲ್ಲವನ್ನೂ ಬಾಚಿ ಬಾವುಟದ ಗೋಣಿಚೀಲಕ್ಕೆ ತುಂಬಿದ್ದ. ಕತ್ತರಿಸಿ ಬಿದ್ದದ್ದನ್ನು ಆ ಕ್ಷಣವೇ ಗುಡಿಸುವುದು ಅವನ ಕಸುಬಿನ ಅಭ್ಯಾಸ. ಸಂಜೆ ಮಗಳ ಗೆಳತಿಯರು ಚೀಲ ಹೊತ್ತೊಯ್ದು ಬಾವುಟಗಳನ್ನು ಹುರಿಗೆ ಹೊಲಿದರು. ಮದುವೆಯ ಹಿಂದಿನ ದಿನ ಬಯಲಿನ ಮರಗಳಿಗೆಲ್ಲ ಕಟ್ಟಿ ಬಂದರು.

ಮದುವೆ ಹನ್ನೊಂದು ಗಂಟೆಗೆ. ಬೆಳಗ್ಗೆ ಆರಕ್ಕೆ ಮಾಸ್ತರು ಕೈ ತೊಳೆದು, ಸೂಜಿಗೆ ದಾರ ಪೋಣಿಸಿ, ಕೋಟಿನ ಗಂಟು ಬಿಚ್ಚಿದರು. ಒಳಗೆ ಹೂವಿನ ಚಿತ್ತಾರದ ಹರಕು ಪರದೆ ಇತ್ತು! ಉಳಿದ ಗಂಟುಗಳನ್ನೂ ಬಿಚ್ಚಿ ಚೆಲ್ಲಾಡಿದರು. ಉಣ್ಣೆ ಎಲ್ಲೂ ಇಲ್ಲ. ಕ್ಷೌರಿಕ ಹಾಸಿದ ಆ ಎಂಟು ಮಡಿಕೆ ನೆನಪಾಗಿ ಕಾಲ ಕೆಳಗಿನ ನೆಲವೇ ಕುಸಿಯಿತು.

"ಲೇ... ಅಳಿಯಂದಿರ ಕೋಟು ಮರದ ಮೇಲಿದೆ ಕಣೇ!"

ಹೆಂಡತಿ ಹಣೆ ಚಚ್ಚಿಕೊಂಡರು. ನಂತರ ಸೆರಗು ಸಿಕ್ಕಿಸಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು. "ಕಣ್ಣು ಮುಚ್ಚಿ ಕತ್ತರಿಸಿದ್ದಾಯ್ತಲ್ಲ, ಈಗ ಕಣ್ಣು ಬಿಟ್ಟು ಹುಡುಕಿ. ನಡೀರಿ!"

"ಬೀಗಿತ್ತಿಗೆ ಹೇಳಿಬಿಡಲೇನೇ?"

"ಮೊದಲು ಕೋಟು, ಆಮೇಲೆ ಕಾಲಿಗೆ ಬೀಳೋದು."

ಅಂದಮೇಲೆ ಮಾಸ್ತರಿಗೂ ಹಠ ಬಂತು. ಸತ್ತರೂ ಸರಿ, ಹನ್ನೊಂದಕ್ಕೆ ಕೋಟು ಅಳಿಯನ ಮೈಮೇಲೆ! ಹೊಲಿಗೆ ಮೆಷಿನನ್ನು ತಳ್ಳುಗಾಡಿಗೆ ಹೇರಿ ಬಯಲಿಗೆ ತಂದರು. ಏಣಿ ಹಾಕಿ ಒಂದೊಂದೇ ಮರ ಹತ್ತಿದರು. ಸಾವಿರ ಬಾವುಟದಲ್ಲಿ ನೀಲಿ ಕಂಡದ್ದನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದರು. ಐವತ್ತೆಂಟು ವರ್ಷದ ಮೊಣಕಾಲು ಲಟಲಟ ಎನ್ನುತ್ತಿತ್ತು. ಏಳನೆಯ ಮರದಲ್ಲಿದ್ದಾಗ ಕೆಳಗಿನಿಂದ ಬೀಗಿತ್ತಿಯ ದನಿ ಕೇಳಿತು. ಆಕೆ ಬೇಗನೇ ಬಂದುಬಿಟ್ಟಿದ್ದರು.

"ಏನು ಬೀಗರೇ, ಇಷ್ಟು ಹೊತ್ತಿಗೇ ಮರದ ಮೇಲೆ?"

"ಬಾವುಟ... ಸ್ವಲ್ಪ ಸೊಟ್ಟ ಇತ್ತು. ನಂಗೆ ಸೊಟ್ಟ ಕಂಡ್ರೆ ಆಗಲ್ಲ!"

"ನೋಡಿಕೊಂಡು ಹತ್ತಿ" ಎಂದು ಆಕೆ ಪಕ್ಕದ ಪಿಂಡಿಯ ಮೇಲೆ ಆರಾಮಾಗಿ ಕೂತರು.

ಎಂಟೂವರೆಗೆ ಅರವತ್ತಮೂರು ಬಾವುಟ ಸಿಕ್ಕವು. ಒಂದು ಮಾತ್ರ ಎಲ್ಲೂ ಇಲ್ಲ. ಡೇರೆಯ ಹಿಂದೆ ಹೆಂಡತಿ ಇಸ್ತ್ರಿ ಮಾಡಿ ಮಾಡಿ ಕೊಟ್ಟರು, ಮಾಸ್ತರು ಮೆಷಿನ್ ತುಳಿದರು. ತ್ರಿಕೋನಕ್ಕೆ ತ್ರಿಕೋನ ಸೇರಿ ಬೆನ್ನಾಯಿತು, ತೋಳಾಯಿತು, ಕಾಲರ್ ಆಯಿತು. ಪರದೆ ಒಳಗಿನ ಅಸ್ತರಿಯಾಯಿತು. ಎದೆಯ ಎಡಗಡೆ, ಜೇಬಿನ ಜಾಗದಲ್ಲಿ ಮಾತ್ರ ಒಂದು ತ್ರಿಕೋನ ಕಡಿಮೆ ಬಿದ್ದು ಪರದೆಯ ಕೆಂಪು ಹೂವು ಹಲ್ಲು ಕಿರಿಯುತ್ತಿತ್ತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅಳಿಯ ತೋಳು ತೂರಿಸಿದ.

"ಮಾವ, ಇಂಥ ಕೋಟು ನಾನು ನೋಡೇ ಇಲ್ಲ!"

"ನಾನೂ ನೋಡಿಲ್ಲಪ್ಪ" ಎಂದರು ಮಾವ. ಆ ದಿನ ಬೀಗರ ಕಡೆಯವರಿಗೆ ಅವರು ಹೇಳಿದ ಮೊದಲ ನಿಜ ಅದು.

ಮದುವೆ ಚೆನ್ನಾಗಿಯೇ ನಡೆಯಿತು. ಜನ ಹೆಣ್ಣುಗಂಡಿಗಿಂತ ಹೆಚ್ಚು ಕೋಟನ್ನೇ ನೋಡಿದರು. ಮಾಸ್ತರು ಇನ್ನೇನು ಉಸಿರು ಬಿಡಬೇಕು, ತ್ರಿಕೋನಗಳನ್ನು ಕಂಡು ಬಾವುಟದ ಚಿಂದಿಯೆಂದೇ ತಿಳಿದ ಮಗಳು ಮೈಕು ಹಿಡಿದಳು. "ಈ ಕೋಟು ನಮ್ಮಪ್ಪನ ಕೈಯಾರೆ ಆದದ್ದು! ಒಂದಿಂಚೂ ಹೊಸ ಬಟ್ಟೆ ಇಲ್ಲ, ಪೂರ್ತಿ ಹಳೆ ಚಿಂದಿ!"

ಬಯಲೆಲ್ಲ ಚಪ್ಪಾಳೆ. ಮಾಸ್ತರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹನ್ನೊಂದು ವರ್ಷ ಕಾಪಾಡಿದ ಬಟ್ಟೆಗೆ ಸಭೆಯ ನಡುವೆ ಚಿಂದಿ ಎನ್ನುವ ಬಿರುದು! ಅವರು ನೇರವಾಗಿ ಬೀಗಿತ್ತಿಯ ಮುಂದೆ ಹೋಗಿ ಕೈಮುಗಿದರು.

"ತಪ್ಪಾಯ್ತು. ಅದು ಚಿಂದಿ ಅಲ್ಲ. ನಿಮ್ಮ ಯಜಮಾನರ ಬಟ್ಟೆ. ನಾನೇ ಹಾಳು ಮಾಡಿದೆ."

ಬೀಗಿತ್ತಿ ಕೈಚೀಲ ತೆರೆದು ಕಡುನೀಲಿ ಉಣ್ಣೆಯ ಒಂದು ತ್ರಿಕೋನ ತೆಗೆದರು.

"ಬೆಳಗ್ಗೆ ಬಂದಾಗ ಮೊದಲು ಕಂಡದ್ದೇ ಇದು. ಕೈಗೆಟಕುವ ಹಾಗಿತ್ತು, ಬಿಚ್ಕೊಂಡೆ. ಎಂಥ ಕೋಪ ಬಂದಿತ್ತು ಗೊತ್ತಾ? ಮದುವೆ ನಿಲ್ಲಿಸೋಣ ಅನ್ನಿಸಿತ್ತು. ಆಮೇಲೆ ನೀವು ಆ ಮೊಣಕಾಲು ಇಟ್ಕೊಂಡು ಮರ ಹತ್ತೋದು ನೋಡಿದೆ. ನಾನು ಬಂದಮೇಲೇ ಹದಿನಾಲ್ಕು ಮರ, ಬೀಗರೇ. ನಾನೇ ಎಣಿಸಿದೀನಿ." ಆಕೆ ಕಣ್ಣೊರೆಸಿಕೊಂಡರು. "ಅವರಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು. ಈಗ ಇದನ್ನೂ ಹಾಕಿಬಿಡಿ, ಎದೆ ಮೇಲೆ."

ಅಳಿಯನನ್ನು ಡೇರೆಯ ಹಿಂದೆ ಕರೆದು, ಕೋಟು ಬಿಚ್ಚಿಸಿ, ಮಾಸ್ತರು ಕೆಂಪು ಹೂವಿನ ಮೇಲೆ ಆ ತುಂಡಿಟ್ಟು ಹೊಲಿದರು. ಕಣ್ಣಗಲ ಬಿಟ್ಟು, ಒಂದೊಂದೇ ಹೊಲಿಗೆ. ಮುಗಿದಾಗ ದಾರ ಕತ್ತರಿಸಲು ಮೇಜು ತಡಕಿದರು. ಕತ್ತರಿ ಇರಲಿಲ್ಲ.

"ಅದು ನನ್ನ ಚೀಲದಲ್ಲಿದೆ" ಎಂದರು ಬೀಗಿತ್ತಿ.

"ಸ್ವಲ್ಪ ಕೊಡ್ತೀರಾ? ದಾರ ಕತ್ತರಿಸಬೇಕಿತ್ತು."

ಬೀಗಿತ್ತಿ ಮಾಸ್ತರ ಹೆಂಡತಿಯ ಮುಖ ನೋಡಿದರು. ಹೆಂಡತಿ ಬೇಡವೆಂದು ತಲೆಯಾಡಿಸಿದರು.

"ಹಲ್ಲಲ್ಲಿ ಕಚ್ಚಿ, ಬೀಗರೇ."