ವಾಡೆಯ ಎರಡನೆಯ ಕುರ್ಚಿ

ಇಂದ:
ಡಾ. ಕಾಳಪ್ಪ ಬಂಡೆಪ್ಪ ಕುರಿ,
ಸಾಕೀನ ಕಮತಗಿ, ತಾಲೂಕು ಹುನಗುಂದ

ಗೆ:
ಮಾನ್ಯ ತಹಸೀಲ್ದಾರ ಸಾಹೇಬರು, ಹುನಗುಂದ

ವಿಷಯ: ಇಂಗ್ಲೆಂಡಿನಲ್ಲಿ ಸಿಕ್ಕ ಸಮಾನತೆಯನ್ನು ಕಮತಗಿಯ ಹದ್ದಿನೊಳಗೂ ಊರ್ಜಿತಗೊಳಿಸುವ ಕುರಿತು.

ಉಲ್ಲೇಖ: 1. ತಮ್ಮ ಕಚೇರಿ 1976ರಲ್ಲಿ ಕೊಟ್ಟ ಜಾತಿ ಪ್ರಮಾಣಪತ್ರ.
2. ಇಂಗ್ಲೆಂಡಿನ ಮನೆ ಮಾಲಕಳೊಬ್ಬಳ ಚೀಟಿ.

ಮಾನ್ಯರೇ,

ಅರ್ಜಿದಾರನು ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನದು ಬೀರಪ್ಪ ದೇವರಿಗೆ ನಡೆದುಕೊಳ್ಳುವ, ಕುರಿ ಸಾಕುವ ಮನೆತನ. ಉಲ್ಲೇಖ ಒಂದರ ಬಲದಿಂದ ವಿದ್ಯಾರ್ಥಿವೇತನ ಪಡೆದು, ಕುರಿಗಳ ಜಂತುರೋಗದ ಮೇಲೆ ಡಾಕ್ಟರೇಟ್ ಮಾಡಲು ಇಂಗ್ಲೆಂಡಿಗೆ ಹೋದನು. ಊರಿನ ವಾಡೆಯ ಧಣಿಗಳ ಮಗ ಅಂದಾನಪ್ಪನವರೂ ಅಪ್ಪನ ದುಡ್ಡಿನಲ್ಲಿ ಅದೇ ವಿಮಾನಕ್ಕೆ, ಅದೇ ವಿಶ್ವವಿದ್ಯಾಲಯಕ್ಕೆ ಹೊರಟರು. ಆದ ಕಾರಣ ಮುಂಬಯಿಯ ತನಕ ಅವರ ಟ್ರಂಕನ್ನೂ ಅರ್ಜಿದಾರನೇ ಹೊತ್ತನು.

2. ಅಲ್ಲಿ ಇಬ್ಬರೂ ಬಾಡಿಗೆ ಕೋಣೆ ಕೇಳಲು ಒಂದು ಬಾಗಿಲು ಬಡಿದರು. ಮಾಲಕಳು ಮುಖ ನೋಡಿ ಕೋಣೆ ಇಲ್ಲವೆಂದಳು. "ಬಾಡಿಗೆಗೆ ಇದೆ" ಎಂಬ ಹಲಗೆ ಕಿಟಕಿಯಲ್ಲೇ ಇತ್ತು. ಅರ್ಜಿದಾರನು ಹುನಗುಂದ ಕಚೇರಿಯ ರೂಢಿಯಂತೆ, ಇಲ್ಲ ಎಂಬುದನ್ನು ಇಬ್ಬರ ಹೆಸರು ಹಾಕಿ ಬರೆದುಕೊಡಲು ಕೋರಿದನು. ಪುಣ್ಯಾತ್ಗಿತ್ತಿ ಬರೆದೇ ಕೊಟ್ಟಳು. ಅಂದಾನಪ್ಪನವರ ಕಣ್ಣಲ್ಲಿ ನೀರು ಬಂತು.

"ಕಾಳ್ಯಾ, ನನ್ನ ಯಾರಂತ ತಿಳಿದಾಳಲೇ ಅಕಿ?"

"ನಾನಽ ಅಂತ ತಿಳಿದಾಳ್ರಿ, ಧಣೇರ."

3. ಕೊನೆಗೆ ಬೇರೆಡೆ ಸಿಕ್ಕ ಒಂದೇ ಕೋಣೆಯಲ್ಲಿ ಇಬ್ಬರೂ ನಾಲ್ಕು ವರ್ಷ ಇದ್ದರು. ಜೋಳವಿಲ್ಲದ ಕಾರಣ ಗೋಧಿ ಹಿಟ್ಟಿನಲ್ಲೇ ಅರ್ಜಿದಾರನು ಬಡಿದ ರೊಟ್ಟಿಯನ್ನು ಅಂದಾನಪ್ಪನವರು ಉಂಡರು. ಅರ್ಜಿದಾರನ ಇಂಗ್ಲಿಷನ್ನು ಅವರು ತಿದ್ದಿದರು. ಚಳಿಗೆ ಅವ್ವ ಮಾಯವ್ವ ಕೊಟ್ಟ ಕರಿ ಕಂಬಳಿಯನ್ನು ಇಬ್ಬರೂ ಹೊದ್ದರು. ಧಣೇರ ಹೋಗಿ "ಅಂದಾನಿ" ಆಯಿತು. ಅರ್ಜಿದಾರನು ಜನ್ಮದಲ್ಲಿ ಯಾರನ್ನೂ ಅಷ್ಟು ಸುಖವಾಗಿ "ಲೇ" ಅಂದವನಲ್ಲ.

4. ಇಬ್ಬರೂ ಡಾಕ್ಟರಾಗಿ ಕಳೆದ ವಾರ ಊರಿಗೆ ಬಂದರು. ಬರುವ ಸೋಮವಾರ ವಾಡೆಯಲ್ಲಿ ಇಬ್ಬರಿಗೂ ಸತ್ಕಾರ. ಬಸವಣ್ಣನವರ ಪಟದ ಕೆಳಗೆ ಒಂದೇ ಕುರ್ಚಿ, ಅದರ ಮುಂದೆ ನೆಲದ ಮೇಲೆ ಜಮಖಾನೆ ಹಾಕಿದ್ದನ್ನು ಅರ್ಜಿದಾರನು ಕಣ್ಣಾರೆ ಕಂಡಿದ್ದಾನೆ. ಈ ಬಗ್ಗೆ ಅಪ್ಪ ಬಂಡೆಪ್ಪನ ಹೇಳಿಕೆ: "ಅಲ್ಲಿ ಹ್ಯಾಂಗರ ಇದ್ದಿರು, ಇಲ್ಲಿ ಧಣೇರ ಸರಿಸಮ ಕುಂಡ್ರಬ್ಯಾಡೋ ಯಪ್ಪಾ. ನಾ ಇದಽ ಊರಾಗ ಬಾಳೇ ಮಾಡಬೇಕು." ಅಂದಾನಪ್ಪನವರ ಹೇಳಿಕೆ: "ಒಂದ ತಾಸಿನ ಮಾತಲೇ ಕಾಳ್ಯಾ. ನಮ್ಮಪ್ಪನ ಮುಂದ ನಾ ಏನ ಹೇಳ್ಲಿ?"

5. ಮಾಲಕಳು ಹಾಕಿಕೊಂಡ ಬಾಗಿಲಿಗಿಂತ ಈ ಮಾತು ಅರ್ಜಿದಾರನಿಗೆ ಹೆಚ್ಚು ನೋವು ಕೊಟ್ಟಿದೆ. ಅವಳು ಅರ್ಜಿದಾರನ ಕೈಯ ರೊಟ್ಟಿ ಉಂಡವಳಲ್ಲ.

ಆದ್ದರಿಂದ ಉಲ್ಲೇಖ ಎರಡನ್ನು ಲಗತ್ತಿಸಿದೆ. "ಅಂದಾನಪ್ಪ, ಕಾಳಪ್ಪ, ಇಬ್ಬರಿಗೂ ಕೋಣೆ ಇಲ್ಲ" ಎಂದು ಅದರಲ್ಲಿದೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಸಮನಾಗಿ ಕಂಡ ಕಾಗದ ಜಗತ್ತಿನಲ್ಲಿ ಇದೊಂದೇ. ಕಾರಣ ಇದಕ್ಕೆ ದುಂಡು ಮೊಹರು ಒತ್ತಿ, ಸಮಾನತೆಯ ಪ್ರಮಾಣಪತ್ರವೆಂದು ಸೋಮವಾರದೊಳಗೆ ದೃಢೀಕರಿಸಬೇಕು. ಕಾಯ್ದೆಯಲ್ಲಿ ಅವಕಾಶವಿಲ್ಲದಿದ್ದರೆ, ಎರಡನೆಯ ಕುರ್ಚಿ ಇಲ್ಲವೆಂಬುದನ್ನಾದರೂ ಹೆಸರು ಹಾಕಿ ಬರೆದುಕೊಡುವಂತೆ ವಾಡೆಯವರಿಗೆ ಆದೇಶಿಸಬೇಕು.

ತಮ್ಮ ಮೊಹರನ್ನೇ ನಂಬಿದ ವಿಶ್ವಾಸಿ,
ಕಾಳಪ್ಪ
ಕಮತಗಿ, 1980

ಲಗತ್ತುಗಳು:
1. ಜಾತಿ ಪ್ರಮಾಣಪತ್ರ.
2. ಮಾಲಕಳ ಚೀಟಿ.
3. ಕರಿ ಕಂಬಳಿ, ಒಂದು. ಇಬ್ಬರಿಗೆ ಸಾಲುತ್ತದೆ. ಪರಿಶೀಲಿಸಿ ಬೇಗ ಮರಳಿಸಬೇಕು. ಸೋಮವಾರ ನೆಲಕ್ಕೆ ಹಾಸಲು ಬೇಕಾಗಬಹುದು.