ಕೊನೆಯ ದೂರು

ಹೈಸಮ್ ಮಾಡಿದ ತಪ್ಪು ಒಂದೇ. ಒಂದು ಆಪಿನಲ್ಲಿ ಕಂಡ ಸಣ್ಣ ದೋಷವನ್ನು ಅದನ್ನು ಬರೆದವರಿಗೆ ಮರ್ಯಾದೆಯಿಂದ ತಿಳಿಸಿದ. ಬೈಗುಳವಿಲ್ಲದ ದೂರನ್ನು ಅವರು ಹಿಂದೆಂದೂ ಕಂಡಿರಲಿಲ್ಲವಂತೆ. ‘ಬರುವ ದೂರುಗಳನ್ನು ವಿಂಗಡಿಸಲು ನಮ್ಮ ಜೊತೆ ಸೇರುತ್ತೀರಾ?’ ಎಂದು ಕೇಳಿದರು. ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ಅಮ್ಮಾನ್ ನಗರದಲ್ಲಿ ನಲ್ಲಿಗೆ ನೀರು ಬರುವುದು ವಾರಕ್ಕೊಮ್ಮೆ, ಗುಡ್ಡಕ್ಕೊಂದು ದಿನ. ನೀರು ಕಂಡವರು ಆಪಿನಲ್ಲಿ ‘ಬಂತು’ ಎಂದು ಒತ್ತುತ್ತಾರೆ. ನಾಲ್ಕಾರು ಜನ ಒತ್ತಿದರೆ ಆ ಗುಡ್ಡದ ಫೋನುಗಳೆಲ್ಲ ಗಂಟೆ ಬಾರಿಸುತ್ತವೆ. ಜನ ಎದ್ದುಬಿದ್ದು ಪಂಪ್ ಹಾಕಿ ತಾರಸಿಯ ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ. ಆಪು ಯಾರ ಸ್ವತ್ತೂ ಅಲ್ಲ. ಬರೆದವರು ಬಿಟ್ಟಿ ಬರೆದರು, ತಿದ್ದುವವರು ಬಿಟ್ಟಿ ತಿದ್ದುತ್ತಾರೆ, ಹೈಸಮ್ ಬಿಟ್ಟಿ ಬೈಸಿಕೊಳ್ಳುತ್ತಾನೆ.

ಸುದ್ದಿ ಅವನಿರುವ ಅಶ್ರಫಿಯ್ಯಾ ಗುಡ್ಡದ ಮೆಟ್ಟಿಲುಗಳನ್ನು ಇಳಿಯಲು ಹೊತ್ತು ಹಿಡಿಯಲಿಲ್ಲ. ವಿಮಾ ಕಚೇರಿಯ ಗುಮಾಸ್ತ ಹೈಸಮ್ ಎಲ್ಲರ ಬಾಯಲ್ಲಿ ‘ನೀರಿನ ಇಂಜಿನಿಯರ್’ ಆದ. ನೀರು ಉಪ್ಪು ಎಂದರು. ಎದುರು ಮನೆಗೆ ಹೆಚ್ಚು ಬರುತ್ತದೆ ಎಂದರು. ಆಪು ನೀರು ತರುವುದಿಲ್ಲ, ಬಂದದ್ದನ್ನು ಹೇಳುತ್ತದೆ ಅಷ್ಟೇ ಎಂದು ಅವನು ವಿವರಿಸಿದರೆ, ಲಂಚ ಕೇಳುತ್ತಿದ್ದಾನೇನೋ ಎಂಬಂತೆ ನೋಡಿದರು. ಅವನ ರಜೆಯ ಶುಕ್ರವಾರಗಳೆಲ್ಲ ಹೀಗೇ ಹೋದವು.

ಈ ಶುಕ್ರವಾರ ಹೊತ್ತೇರಿದ ಮೇಲೆ ಹೆಂಡತಿ ರುಲಾ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಳು.

“ಸಾಲ್ತ್‌ನಲ್ಲಿ ಅಮ್ಮ ಮನ್ಸಫ್ ಮಾಡಿ ಕಾಯ್ತಿದಾಳೆ. ನೀನೂ ಬಂದ್ರೆ ಸಂಜೆ ಮೂವರೂ ವಾಪಸ್ ಬರ್ತೀವಿ. ಬರ್ಲಿಲ್ಲ ಅಂದ್ರೆ ನಾನೂ ತಾಲಾನೂ ಅಲ್ಲೇ ಇದ್ಬಿಡ್ತೀವಿ. ನೀನು ನಿನ್ನ ದೂರುಗಳನ್ನೇ ಕಟ್ಕೊಂಡು ಸಂಸಾರ ಮಾಡು.”

“ಒಂದೇ ಒಂದು ಬಾಕಿ ಇದೆ ರುಲಾ. ಅದು ಮುಗೀತು ಅಂದ್ರೆ ಬಿಟ್ಬಿಡ್ತೀನಿ. ಇಗೋ, ರಾಜೀನಾಮೆ ಬರೆದೇ ಇಟ್ಟಿದೀನಿ, ಕಳಿಸೋದೊಂದೇ.”

“ಮಗು ಶೂ ಹಾಕ್ಕೊಳ್ಳೋ ಹೊತ್ತಿಗೆ ಮುಗೀಬೇಕು.”

ಅವನು ತಾರಸಿಗೆ ಓಡಿದ.

ಆ ಒಂದು ದೂರನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಅವನಿಗೆ ತಿಳಿದಿರಲಿಲ್ಲ. ಇದೇ ಗುಡ್ಡದ ಯಾರೋ ಮುದುಕ ಬರೆದಿದ್ದ: ‘ಕೊಳವೆಯಲ್ಲಿ ನೀರು ಬರುವ ಸದ್ದು ನನ್ನ ಹೆಂಡತಿಗೆ ನಿದ್ದೆಯಲ್ಲೂ ಕೇಳುತ್ತಿತ್ತು. ಈಗ ಕೇಳುವವರಿಲ್ಲ. ಗಂಟೆ ಸ್ವಲ್ಪ ಜೋರಾಗಿರಲಿ.’ ಹೈಸಮ್ ಅದನ್ನು ಹಲವು ಸಲ ಓದಿದ್ದ. ‘ಮುಗಿಯಿತು’ ಎಂದು ಮುಚ್ಚಲು ಕೈ ಬಂದಿರಲಿಲ್ಲ. ಕೊನೆಗೆ ಯಾರನ್ನೋ ಕಾಡಿ ಬೇಡಿ ಗಂಟೆಯನ್ನು ಜೋರು ಮಾಡಿಸಿದ್ದ. ಒಂದು ಸಲ ಬಾರಿಸಿ ನೋಡುವುದಷ್ಟೇ ಉಳಿದಿತ್ತು.

ತಾರಸಿಯಲ್ಲಿ ನೆಲಮಾಳಿಗೆಯ ಉಮ್ ವದೀ ಬಿಳಿ ಬಟ್ಟೆಯ ಮೇಲೆ ಮುಲೂಖಿಯಾ ಸೊಪ್ಪು ಒಣಹಾಕುತ್ತಿದ್ದಳು.

“ಬಾ ಮಗಾ. ನೀರು ಯಾವತ್ತು ಬಿಡ್ತೀಯ?”

“ನಾನು ಬಿಡಲ್ಲ ಖಾಲಾ. ನಮ್ಮ ಗುಡ್ಡಕ್ಕೆ ಸೋಮವಾರ.”

“ಸೋಮವಾರದ ತನಕ ನನ್ನ ಟ್ಯಾಂಕ್ ತಡೆಯಲ್ಲ. ನೀನು ಮನಸ್ಸು ಮಾಡಿದ್ರೆ ಆಗುತ್ತೆ. ನಿಮ್ಮಪ್ಪನೂ ಹೀಗೇ, ಮನಸ್ಸೇ ಮಾಡ್ತಿರ್ಲಿಲ್ಲ.”

ಪರೀಕ್ಷೆ ಮಾಡುವವರಿಗಾಗಿ ಆಪಿಗೆ ಇನ್ನೊಂದು ಪ್ರತಿ ಇದೆ. ನೋಡಲು ಎರಡೂ ಒಂದೇ. ಪರೀಕ್ಷೆಯ ಪ್ರತಿಯಲ್ಲಿ ಗಂಟೆ ಬಾರಿಸಿದರೆ ಕೇಳುವುದು ಬಾರಿಸಿದವನಿಗೆ ಮಾತ್ರ. ನಿಜದ ಆಪಿನಲ್ಲಿ ವಿಂಗಡಿಸುವವನು ಒತ್ತಿದರೆ ಅದೇ ಅಂತಿಮ, ಬೇರೆಯವರು ಒತ್ತುವುದೇ ಬೇಕಿಲ್ಲ. ಕೆಳಗಿನಿಂದ ರುಲಾ “ಶೂ ಆಯ್ತು!” ಎಂದು ಕೂಗಿದಳು. ಹೈಸಮ್ ಅವಸರದಲ್ಲಿ ಒತ್ತಿದ.

ಒತ್ತಿದ್ದು ನಿಜದ ಆಪನ್ನು.

ಮೊದಲು ಅವನ ಫೋನ್ ಕಿರುಚಿತು. ಆಮೇಲೆ ಉಮ್ ವದೀಯ ಮಡಿಲು. ಆಮೇಲೆ ಕೆಳಗಿನ ಕಿಟಕಿಗಳು, ಪಕ್ಕದ ಕಟ್ಟಡ, ಅದರಾಚೆಯ ಬೀದಿ. ಬಾಲ ತುಳಿಸಿಕೊಂಡ ಬೆಕ್ಕಿನಂತೆ ಇಡೀ ಗುಡ್ಡ ಅರಚಿತು. ಗಂಟೆ ಜೋರಾಗಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

“ಮನಸ್ಸು ಮಾಡಿದೆಯಲ್ಲಾ!” ಎಂದು ಮುದುಕಿ ಸೊಪ್ಪು ತುಳಿದುಕೊಂಡೇ ಓಡಿದಳು.

ಪಂಪುಗಳು ಒಂದೊಂದಾಗಿ ಶುರುವಾದವು. ಒಣ ಕೊಳವೆಯಿಂದ ಗಾಳಿ ಎಳೆದು ಕೆಮ್ಮತೊಡಗಿದವು. ಎರಡನೆಯ ಮಹಡಿಯಿಂದ ಸುಟ್ಟ ವಾಸನೆ ಬಂತು. ಅದರ ಹಿಂದೆಯೇ ಆ ಮನೆಯ ಅಬು ಶಕೀಬ್ ಬಂದರು. ಸೈನ್ಯದಿಂದ ನಿವೃತ್ತರಾದವರು. ಮೈಮೇಲೆ ಟವೆಲ್, ಕಿವಿಯಲ್ಲಿ ಸೋಪಿನ ನೊರೆ.

“ಇಂಜಿನಿಯರ್ ಸಾಹೇಬ್ರೇ, ನೀರು ಬಂತು ಅಂದ್ರಿ. ಇದ್ದ ನೀರನ್ನೆಲ್ಲ ಸುರಿದುಕೊಂಡೆ. ಈಗ ನೀರೂ ಇಲ್ಲ, ಪಂಪೂ ಇಲ್ಲ. ಈ ನೊರೆ ಹಿಡ್ಕೊಂಡೇ ಜುಮ್ಮಾ ನಮಾಜಿಗೆ ಹೋಗ್ಲಾ?”

ಅವರ ಹಿಂದೆ ಮೆಟ್ಟಿಲು ತುಂಬ ಜನ. ಎಲ್ಲರಿಗಿಂತ ಹಿಂದೆ, ಕೈಯಲ್ಲಿ ಚೀಲ ಹಿಡಿದ ರುಲಾ. ಅವಳು ಒಂದು ಸಲ ನೋಡಿ ಇಳಿಯತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

“ತಪ್ಪು ನನ್ನದೇ,” ಎಂದ ಹೈಸಮ್. “ಗಂಟೆ ಪರೀಕ್ಷೆ ಮಾಡ್ತಿದ್ದೆ. ನೀರು ಬಂದಿಲ್ಲ. ಇವತ್ತಿಗೆ ಈ ಕೆಲಸ ಬಿಟ್ಟೆ.”

“ಬಿಡೋದು ಆಮೇಲೆ. ಮೊದಲು ನನ್ನ ಕಿವಿ ತೊಳಿ,” ಎಂದರು ಅಬು ಶಕೀಬ್.

ಮಾತು ಜಗಳಕ್ಕೆ ತಿರುಗಿ ಸಾಕಷ್ಟು ಬೆಳೆಯಿತು. ಯಾರೋ ಅವನ ಫೋನನ್ನೇ ಟ್ಯಾಂಕಿಗೆ ಹಾಕಬೇಕೆಂದರು. ಅದರಲ್ಲಿ ಮುಳುಗಿಸುವಷ್ಟು ನೀರಿಲ್ಲ ಎಂದು ಇನ್ನೊಬ್ಬರು ನೆನಪಿಸಿದರು.

ಆಗ ಕೊಳವೆ ಗೊರಕೆ ಹೊಡೆಯಿತು.

ಎಲ್ಲರೂ ಅದರತ್ತ ತಿರುಗಿದರು. ಗಾಳಿ ಬುಸುಗುಟ್ಟಿತು, ಕೆಂಪು ತುಕ್ಕು ಉಗುಳಿತು, ಆಮೇಲೆ ನೀರು ಬಂತು. ಶುಕ್ರವಾರ, ಹಾಡಹಗಲು, ದಪ್ಪ ಧಾರೆಯಾಗಿ.

ಅಬು ಶಕೀಬ್ ಎಡಗೈಯಲ್ಲಿ ಟವೆಲ್ ಬಿಗಿಹಿಡಿದು, ಬಲಗೈಯನ್ನು ಎದೆಯ ಮೇಲಿಟ್ಟು ಹೈಸಮ್‌ಗೆ ತಲೆ ಬಾಗಿಸಿದರು. ಜನ ಮೆಟ್ಟಿಲಿನಲ್ಲಿ ಅವನಿಗೆ ದಾರಿ ಬಿಟ್ಟುಕೊಟ್ಟರು.

ಕೆಳಗೆ ರುಲಾ ಫೋನಿನಲ್ಲಿ, “ನೀರು ಬಂದಿದೆಯಮ್ಮಾ, ಈಗ ಹೇಗೆ ಬರೋದು? ಮುಂದಿನ ವಾರ,” ಎನ್ನುತ್ತಿದ್ದಳು. ಚೀಲದಲ್ಲಿದ್ದ ಬಟ್ಟೆಗಳನ್ನೂ ಸೇರಿಸಿ ಮಷಿನ್‌ಗೆ ತುಂಬುತ್ತಿದ್ದಳು. ಅವಳು ಮನೆಯಲ್ಲೇ ಉಳಿದಳು. ತನಗಾಗಿ ಅಲ್ಲ ಎಂಬುದು ಹೈಸಮ್‌ಗೆ ಗೊತ್ತಾಯಿತು. ಆದರೂ ಉಳಿದಳಲ್ಲ ಎಂದುಕೊಂಡ.

ಅವನು ಫೋನ್ ತೆಗೆದ. ಮುದುಕ ಒಂದೇ ಪದ ಬರೆದಿದ್ದ: ‘ಕೇಳಿಸಿತು.’ ಹೈಸಮ್ ಆ ದೂರನ್ನು ಮುಚ್ಚಿದ. ಬಾಕಿ ಏನೂ ಇರಲಿಲ್ಲ. ಆಮೇಲೆ ರಾಜೀನಾಮೆಯ ಪತ್ರ ತೆರೆದ.

ಅಷ್ಟರಲ್ಲಿ ಹೊಸ ದೂರೊಂದು ಬಂತು. ಬರೆದವನು ಫವ್ವಾಜ್.

‘ನಿಮ್ಮ ಗುಡ್ಡಕ್ಕೆ ನೀರು ಬಿಡುವವನು ನಾನು. ಕಚೇರಿಯವರು ದಿನ ಬದಲಿಸಿದರೆ ನನಗೆ ಹೇಳುವುದೇ ಇಲ್ಲ. ಅದಕ್ಕೆ ದಿನ ಬದಲಾಗಿದೆಯೇ ಎಂದು ನಿಮ್ಮ ಆಪನ್ನೇ ನೋಡಿಕೊಳ್ಳುತ್ತೇನೆ. ಇವತ್ತು ನೀರು ಬಂತು ಎಂದು ಗಂಟೆ ಬಾರಿಸಿತು. ನಾನು ಮಾತ್ರ ಇನ್ನೂ ಮನೆಯಲ್ಲೇ ಇದ್ದೆ! ಊಟ ಬಿಟ್ಟು ಓಡಿ ವಾಲ್ವ್ ತಿರುಗಿಸಿದೆ. ಇನ್ನು ಮುಂದೆ ದಿನ ಬದಲಿಸುವಾಗ ದಯವಿಟ್ಟು ಸ್ವಲ್ಪ ಮೊದಲೇ ಗಂಟೆ ಬಾರಿಸಿ. ನನ್ನ ಮನೆ ದೂರ.’

ಹೈಸಮ್ ಅದನ್ನು ಎರಡು ಸಲ ಓದಿದ. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಬಂದ ರುಲಾ ಅವನ ಹೆಗಲ ಮೇಲಿನಿಂದ ಒಂದು ಸಲ ಓದಿದಳು. ಆಮೇಲೆ ಕೈ ಚಾಚಿ, ರಾಜೀನಾಮೆಯ ಪತ್ರವನ್ನು ಹುಡುಕಿ ಅಳಿಸಿದಳು.

“ಶುಕ್ರವಾರ ಬೇಡ, ಊರಿಗೆ ಹೋಗೋಕಾಗಲ್ಲ,” ಎಂದಳು. “ಬುಧವಾರ ಒತ್ತು. ಮತ್ತೆ ಬೆಳಿಗ್ಗೆನೇ ಒತ್ತು, ಪಾಪ, ಅವನಿಗೂ ಊಟ ಆಗ್ಬೇಕಲ್ಲ.”